ತಲೆಯಾಡಿಸಿದರೆ ಪಾಸು ಎಂದ ಕಾರ್ಡು ಕಂಪನಿಯವರ ಸನ್ನಿಧಾನಕ್ಕೆ

ಸ್ಮರಣಸಿಂಧು ಪ್ರಶ್ನೋತ್ತರ ಕಾರ್ಡುಗಳ ಕಂಪನಿಯ ಮಾಲೀಕರಿಗೆ, ವ್ಯವಸ್ಥಾಪಕರಿಗೆ, ಹಾಗೂ ಪೆಟ್ಟಿಗೆಯ ಮುಚ್ಚಳದ ಮೇಲೆ ಹಣೆಗೆ ಬೆರಳಿಟ್ಟು, ತಲೆಯ ಮೇಲೊಂದು ಬಲ್ಬು ಉರಿಸಿಕೊಂಡು ಕೂತಿರುವ ಕನ್ನಡಕದ ಮಹಾಶಯರಿಗೆ.

ಮಾನ್ಯರೇ,

ಜಗಳೂರು ಸೀಮೆಯ ಬೀಸುಗಾಳಿ, ಶೇಂಗಾ ಹೊಲ, ಕುರಿಹಿಂಡು ಮತ್ತು ನಮ್ಮ ಮನೆಯ ಸಮಸ್ತ ಹಿರಿಕಿರಿಯರ ಪರವಾಗಿ ತಮ್ಮ ಸನ್ನಿಧಾನಕ್ಕೆ ಅನಂತ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವೇ ಬೀಳದಂತೆ, ಅದು ಎಷ್ಟು ಅಗಲ ಎಷ್ಟು ಎತ್ತರ ಬೆಳೆದಿದೆ ಎಂಬುದನ್ನು ತಾವೇ ಜಗಳೂರು ಬಸ್‌ಸ್ಟ್ಯಾಂಡಿನ ಎದುರಿಗೆ ಫ್ಲೆಕ್ಸು ಕಟ್ಟಿ ತೋರಿಸಿದ್ದೀರಿ. "ಸ್ಮರಣಸಿಂಧು ಕಾರ್ಡಿನ ಕೃಪೆ, ವಿಜ್ಞಾನದಲ್ಲಿ ವಿಜಯ, ಕುಮಾರಿ ದುರ್ಗಾಂಬಿಕಾಳ ಯಶಸ್ಸಿನ ಗುಟ್ಟು ಒಂದೇ ಪೆಟ್ಟಿಗೆ" ಎಂದು ತಾವು ಬರೆಸಿರುವ ಅಕ್ಷರಗಳು ಎಷ್ಟು ದಪ್ಪವಾಗಿವೆಯೆಂದರೆ, ಕಣ್ಣಿನ ಪೊರೆ ತೆಗೆಸದ ನಮ್ಮ ಹಿರಿಯರು ಕೂಡ ಬಸ್ಸಿನಿಂದ ಇಳಿಯದೆಯೇ ಓದಿ, ಚನ್ನಗಿರಿ ಮುಟ್ಟುವವರೆಗೂ ಅದನ್ನೇ ಮಾತಾಡಿಕೊಂಡು ಹೋಗುತ್ತಾರಂತೆ.

ಆ ಫ್ಲೆಕ್ಸಿನಲ್ಲಿ ಪೆಟ್ಟಿಗೆ ಹಿಡಿದು ನಿಂತಿರುವ ದುರ್ಗಾಂಬಿಕಾ ನನ್ನ ತಂಗಿಯ ಮಗಳು. ತಂಗಿಯ ಹೆಸರು ಲಕ್ಷ್ಮಕ್ಕ; ಹೆಸರಿನಲ್ಲಿ ಅಕ್ಕ ಇದ್ದರೂ ನನಗೆ ತಂಗಿಯೇ, ಆದರೆ ಬೈಯುವಾಗ ಮಾತ್ರ ಹೆಸರಿಗೆ ತಕ್ಕ ಹಾಗೆ ಬೈಯುತ್ತಾಳೆ. ನಾನು ಹುಡುಗಿಯ ಸೋದರಮಾವ ಜಂಪಣ್ಣ, ನಮ್ಮೂರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿ, ಇನ್ನೂ ಮುಂದಕ್ಕೆ ಓದಿದರೆ ಮೇಷ್ಟರುಗಳ ಹೊಟ್ಟೆಪಾಡಿಗೆ ಸಂಚಕಾರ ಬಂದೀತೆಂದು ಕರುಣೆಯಿಂದ ನಾನಾಗಿಯೇ ಬಿಟ್ಟವನು. ನನ್ನ ಕೈಬರಹದ ಬಗ್ಗೆ ನಾನೇ ಹೇಳಿಕೊಳ್ಳಬಾರದು; ಈ ಪತ್ರವೇ ಹೇಳುತ್ತದೆ. ಇದನ್ನು ನಾನು ಬರೆಯಬೇಕಾಗಿ ಬಂದ ಕಾರಣ ಇಷ್ಟೇ: ನಮ್ಮ ಹುಡುಗಿ ಈಗ ಜಗಳೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ, ಮತ್ತು ತಮ್ಮ ಫ್ಲೆಕ್ಸು ಎದ್ದ ದಿನದಿಂದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದನ್ನೇ ಬಿಟ್ಟು, ಒಂದು ಸ್ಟಾಪು ಹಿಂದೆಯೇ ಇಳಿದು ಬಿಸಿಲಲ್ಲಿ ನಡೆದು ಕಾಲೇಜಿಗೆ ಹೋಗುತ್ತಿದ್ದಾಳೆ. ಕಾಲೇಜಿನ ಹುಡುಗಿಯರು ಅವಳನ್ನು "ಪೆಟ್ಟಿಗೆ ದುರ್ಗಿ" ಅನ್ನುತ್ತಾರಂತೆ. ಲೆಕ್ಚರರು ಕೇಳಿದ ಪ್ರಶ್ನೆಗೆ ಅವಳು ಎದ್ದು ಸರಿಯುತ್ತರ ಹೇಳಿದರೆ ಹಿಂದಿನ ಬೆಂಚಿನಿಂದ "ಪೆಟ್ಟಿಗೆ ತೆಗ್ದ್ಲು ಕಣ್ರೇ" ಅಂತ ಮೆಲ್ಲಗೆ ಒಂದು ದನಿ ಬರುತ್ತದಂತೆ. ಹೀಗಾಗಿ ಆಕೆ ಈಗ ಉತ್ತರ ಗೊತ್ತಿದ್ದರೂ ಏಳುತ್ತಿಲ್ಲ.

ಗೊತ್ತಿದ್ದೂ ಏಳದ ಹಾಗೆ ಮಾಡುವ ಕಾರ್ಡು ಈ ಭೂಮಂಡಲದಲ್ಲಿ ತಮ್ಮದೊಂದೇ ಇರಬೇಕು. ಅದಕ್ಕಾಗಿ ಮೊದಲು ಅಭಿನಂದನೆಗಳು.

ಇನ್ನು ತಮಗೆ ನೆನಪಿಲ್ಲದ ಸಂಗತಿಗಳನ್ನು ನೆನಪಿಸುವುದು ನನ್ನ ಕರ್ತವ್ಯ. ಸ್ಮರಣೆಯ ಸಿಂಧುವೇ ತಮ್ಮ ಅಂಗಡಿಯಲ್ಲಿ ಹರಿಯುತ್ತಿರುವಾಗ ನೆನಪಿಸಲು ನಾನ್ಯಾರು ಎಂದು ತಾವು ಕೇಳಬಹುದು. ಆದರೆ ಬಾವಿಯ ದಂಡೆಯ ಮೇಲೆ ಕೂತವನಿಗೇ ಬಾಯಾರಿಕೆ ಮರೆಯುವುದು. ಹೋದ ವರ್ಷ ದುರ್ಗಾಂಬಿಕಾ ಹತ್ತನೆಯ ಕ್ಲಾಸಿನಲ್ಲಿದ್ದಾಗ, ತಮ್ಮ ಏಜೆಂಟರಾದ ಕೃಷ್ಣ ಎಂಬ ಸದ್ಗೃಹಸ್ಥರು ಬೈಕಿನ ಹಿಂದೆ ಪೆಟ್ಟಿಗೆಗಳನ್ನು ಕಟ್ಟಿಕೊಂಡು ನಮ್ಮೂರಿಗೆ ಬಂದರು. ಬಿಸಿಲಲ್ಲಿ ಬಂದವರೆಂದು ಲಕ್ಷ್ಮಕ್ಕ ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಕುಡಿದ ಬಾಯಲ್ಲೇ ಅವರು, "ಅಕ್ಕಾರೇ, ಈ ಕಾರ್ಡು ಮನ್ಯಾಗೆ ಇದ್ರೆ ಸಾಕು, ವಿದ್ಯೆ ತಾನಾಗೇ ತಲೆಗೆ ಇಳಿತೈತೆ" ಎಂದರು. ಒಳಗಿನಿಂದ ನಾನು, "ಇಳಿಯಾಕೆ ತಲೆ ಏನು ಗುಡಾಣವೇನ್ರಿ?" ಎಂದು ಕೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಪೆಟ್ಟಿಗೆ ಕೊಟ್ಟ ಮೇಲೆ, "ಗ್ಯಾರಂಟಿಗೆ ಒಂದು ಫೋಟೊ ಬೇಕಕ್ಕಾ" ಎಂದು ಹುಡುಗಿಯ ಕೈಗೆ ಅದನ್ನು ಹಿಡಿಸಿ, ನಗು ಎಂದು ಹೇಳಿ, ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ಹುಡುಗಿ ನಕ್ಕಳು. ಪೆಟ್ಟಿಗೆಯನ್ನು ಇನ್ನೂ ಬಿಚ್ಚಿರಲಿಲ್ಲವಲ್ಲ, ನಗು ಬಂತು. ತಮ್ಮ ಫ್ಲೆಕ್ಸಿನಲ್ಲಿರುವುದು ಆ ನಗು.

ಪೆಟ್ಟಿಗೆ ಬಿಚ್ಚಿದ ಮೇಲಿನ ಮುಖದ ಫೋಟೊ ತಾವು ತೆಗೆಯಲಿಲ್ಲ. ಆದ್ದರಿಂದ ನಾನು ವರ್ಣಿಸುತ್ತೇನೆ. ಮೊದಲನೆಯ ಕಾರ್ಡಿನಲ್ಲಿ "ಸಸ್ಯಗಳಲ್ಲಿ ನೀರನ್ನು ಮೇಲಕ್ಕೆ ಸಾಗಿಸುವ ಕ್ಸೈಲಂ ಎಂಬ ಅಂಗಾಂಶದ ಹೆಸರೇನು?" ಎಂದಿತ್ತು. ತಿರುಗಿಸಿದರೆ "ಕ್ಸೈಲಂ" ಎಂದಿತ್ತು. ಸ್ವಾಮಿ, ಹೊನ್ನಾಳಿಯ ಬಸ್ಸಿಗೆ ಹೊನ್ನಾಳಿ ಎಂದು ಬೋರ್ಡು ಹಾಕಿ, ಹತ್ತಿದವರನ್ನು ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಪರೀಕ್ಷೆ ಮಾಡುವ ಇಂಥ ವಿದ್ಯೆ ನಮ್ಮ ಕಂಡಕ್ಟರುಗಳಿಗೂ ಹೊಳೆದಿರಲಿಲ್ಲ. ಮತ್ತೊಂದು ಕಾರ್ಡಿನಲ್ಲಿ "ಮಾನವನ ಹೃದಯ" ಎಂದಷ್ಟೇ ಇತ್ತು. ಅದು ಪ್ರಶ್ನೆಯೋ, ನಿಟ್ಟುಸಿರೋ ತಿಳಿಯಲಿಲ್ಲ. ಅದರ ಬೆನ್ನಿಗೆ ತಾವು ಕೋಣೆ, ಕವಾಟ, ಒಳಗೆ ಬರುವ ರಕ್ತ, ಹೊರಗೆ ಹೋಗುವ ರಕ್ತ ಎಲ್ಲವನ್ನೂ ಇರುವೆಯ ಮೊಟ್ಟೆಯಷ್ಟು ಸಣ್ಣ ಅಕ್ಷರದಲ್ಲಿ ತುಂಬಿದ್ದಿರಿ. ಸಂತೆಗೆ ಹೋಗುವ ಟೆಂಪೋದಲ್ಲಿ ಕೂಡ ಅಷ್ಟು ಜನ ಹಿಡಿಸುವುದಿಲ್ಲ. ಇನ್ನು ಕಾಗದದ ತೆಳುವು ಎಂಥದ್ದೆಂದರೆ, ಕಿಟಕಿಯ ಕಡೆ ಮುಖ ಮಾಡಿ ಹಿಡಿದರೆ ಹಿಂದಿನ ಉತ್ತರ ಮುಂದಕ್ಕೇ ಕಾಣುತ್ತಿತ್ತು. ಮಕ್ಕಳಿಗೆ ತಿರುಗಿಸುವ ಶ್ರಮವೂ ಬೇಡವೆಂಬ ತಮ್ಮ ತಾಯಿಕರುಳಿಗೆ ಏನು ಹೇಳಲಿ?

ಎಲ್ಲಕ್ಕಿಂತ ಮಿಗಿಲಾದದ್ದು ಮುಚ್ಚಳದ ಒಳಗೆ ಅಚ್ಚು ಹಾಕಿಸಿದ್ದ ತಮ್ಮ ಸೂಚನೆ: "ದಿನಕ್ಕೊಮ್ಮೆ ಎಲ್ಲ ಕಾರ್ಡುಗಳನ್ನೂ ಕ್ರಮವಾಗಿ ಮಗುವಿಗೆ ತೋರಿಸಿ. ಗೊತ್ತು ಎಂದು ಮಗು ತಲೆಯಾಡಿಸಿದರೆ ಆ ಕಾರ್ಡು ಕಲಿತಂತೆ." ನಮ್ಮ ಹುಡುಗಿ ಹೇಳಿದ ಮಾತು ಕೇಳುವವಳು. ಪ್ರಶ್ನೆ ನೋಡಿದಳು, ಉತ್ತರ ನೋಡಿದಳು, ಹೌದಲ್ಲ ಎಂದು ತಲೆಯಾಡಿಸಿದಳು. ಉತ್ತರ ಕಣ್ಣೆದುರಿಗೇ ಇರುವಾಗ ಯಾರಿಗೆ ತಾನೇ ಗೊತ್ತಿರುವುದಿಲ್ಲ, ಹೇಳಿ. ದಿನಾ ಅದೇ ಕ್ರಮ, ಅದೇ ತಲೆ, ಅದೇ ಆಟ. ನಾನು ನೋಡಿ ನೋಡಿ ಸಾಕಾಗಿ ಒಂದು ದಿನ ಲಕ್ಷ್ಮಕ್ಕನಿಗೆ, "ತಲೆ ಆಡಿಸಿದ್ರೆ ವಿದ್ಯೆ ಬರಂಗಿದ್ರೆ, ಮನೆ ಮುಂದೆ ಬರೋ ಕೋಲೆ ಬಸವ ಇಷ್ಟೊತ್ತಿಗೆ ಡೀಸಿ ಆಗಬೇಕಿತ್ತು ಕಣೇ" ಎಂದು ಹೇಳಿದೆ. ಅವಳು, "ಓದೋ ಮಕ್ಳ ಮುಂದೆ ಅಪಶಕುನ ನುಡಿಬೇಡ, ಅಣ್ಣ" ಎಂದು ನನ್ನ ಬಾಯಿ ಮುಚ್ಚಿಸಿದಳು. ಮುಚ್ಚಿದ ಬಾಯಲ್ಲಿ ಎಷ್ಟು ಸತ್ಯ ಕೊಳೆಯುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಪರೀಕ್ಷೆ ಬಂತು. ಬೇರೆಲ್ಲದರಲ್ಲೂ ಹುಡುಗಿ ಪಾಸು. ತಮ್ಮ ಪೆಟ್ಟಿಗೆ ಕಾಲಿಟ್ಟಿದ್ದ ವಿಜ್ಞಾನ ಒಂದರಲ್ಲಿ ಮಾತ್ರ ಫೇಲು. ಮಾನ್ಯರೇ, ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಿ, ಏಕೆಂದರೆ ತಮ್ಮ ಫ್ಲೆಕ್ಸಿನಲ್ಲಿ ಇದಕ್ಕೆ ಜಾಗ ಸಾಲಲಿಲ್ಲ. "ಎಲ್ಲಾ ನೋಡಿದ್ದೇ ಮಾವ, ಕಣ್ಣಿಗೆ ಕಟ್ಟಿದಂಗೈತೆ, ಬರೆಯಾಕೆ ಹೋದ್ರೆ ಒಂದೂ ಬರ್ಲಿಲ್ಲ" ಎಂದು ಅವಳು ಅತ್ತ ದಿನ ತಮ್ಮ ಕಂಪನಿಯ ನಂಬರಿಗೆ ನಾನೇ ಫೋನು ಮಾಡಿದೆ. ಅತ್ಯಂತ ಇಂಪಾದ ಕಂಠದ ಒಬ್ಬ ಹೆಣ್ಣುಮಗಳು ನನ್ನ ದುಃಖವನ್ನೆಲ್ಲ ಕೇಳಿಸಿಕೊಂಡು, "ಸರ್, ಮಗು ಮನಸ್ಸಿಟ್ಟು ತಲೆಯಾಡಿಸಿರಲಿಕ್ಕಿಲ್ಲ" ಎಂದು ಸಮಾಧಾನ ಹೇಳಿದರು. ತಲೆಯಾಡಿಸುವುದರಲ್ಲೂ ಫೇಲಾಗಬಹುದೆಂದು ನನಗೆ ಗೊತ್ತಾದದ್ದು ಅಂದೇ. ಅದರ ಮಾರನೆಯ ದಿನದಿಂದ ತಮ್ಮ ಪೆಟ್ಟಿಗೆ ನಮ್ಮ ಮನೆಯಲ್ಲಿ ಕೋಳಿ ಕಾವಿಗೆ ಕೂರುವ ಜಾಗವಾಗಿದೆ. ಕೋಳಿಗೆ ಮಾತ್ರ ಅದರಿಂದ ಬಹಳ ಅನುಕೂಲವಾಗಿದೆ. ಅದರ ಫೋಟೊ ಬೇಕಿದ್ದರೆ ಕಳಿಸಿಕೊಡುತ್ತೇನೆ.

ಈಗ ಫೇಲಾದವರಿಗೆ ಮತ್ತೆ ಇಡುವ ಎರಡನೆಯ ಪರೀಕ್ಷೆಯ ಪುರಾಣ. ಇದನ್ನು ಹೇಳದಿದ್ದರೆ ಫ್ಲೆಕ್ಸಿನ ಮಹಿಮೆ ಪೂರ್ತಿಯಾಗುವುದಿಲ್ಲ. ಎರಡನೆಯ ಪರೀಕ್ಷೆಯಲ್ಲಿ ವಿಜ್ಞಾನ ಆಗದಿದ್ದರೆ ಹುಡುಗಿ ಜೊತೆಯವರ ಸಂಗಡ ಪಿಯುಸಿಗೆ ಸೇರುವಂತಿರಲಿಲ್ಲ, ಅದೂ ಸೈನ್ಸಿಗೇ ಹೋಗಬೇಕೆಂದು ಹಟ ಹಿಡಿದವಳು. ಆಗ ನಾನು ಅಖಾಡಕ್ಕೆ ಇಳಿದೆ. ನಮ್ಮ ಕಾಲದ ಶಾಲೆಯಲ್ಲಿ ಕಾರ್ಡು ಇರಲಿಲ್ಲ, ಮೂಗು ಇತ್ತು. ಮೇಷ್ಟರು ಸಾಲಾಗಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಹೇಳಲಾರದವರ ಮೂಗನ್ನು ಹೇಳಿದವನು ಹಿಡಿದು ಕೆನ್ನೆಗೆ ಒಂದೊಂದು ಬಿಡಬೇಕು. ನನ್ನ ಎಡಗೈ ಹಿಡಿಯದ ಮೂಗು ನಮ್ಮೂರಲ್ಲಿ ಇರಲಿಲ್ಲವೆಂದು ಈಗಲೂ ಹಳಬರು ಹೇಳುತ್ತಾರೆ. ಕೆನ್ನೆಯ ಭಾಗ ಕೆಟ್ಟದ್ದು, ಅದು ಹೋದದ್ದೇ ಒಳ್ಳೆಯದಾಯಿತು. ಆದರೆ ಆ ಪದ್ಧತಿಯಲ್ಲಿ ಒಂದು ತಿರುಳಿತ್ತು: ಅಲ್ಲಿ ತಲೆಯಾಡಿಸಿದರೆ ನಡೆಯುತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಬೇಕಿತ್ತು, ಮತ್ತು ಉತ್ತರ ಕಾಣುವುದಕ್ಕೆ ಮೊದಲೇ ಹೇಳಬೇಕಿತ್ತು.

ಕಾರ್ಡನ್ನು ನಾವೇ ಮಾಡೋಣ ಎಂದೆ. ಕಾಗದ? ನಮ್ಮ ಕಡೆ ಮನೆಮನೆಯಲ್ಲೂ ತಂತಿಯ ಕೊಕ್ಕೆಗೆ ಚುಚ್ಚಿಟ್ಟ ಲಗ್ನಪತ್ರಿಕೆಗಳ ಗೊಂಚಲು ಇರುತ್ತದೆಂಬುದು ತಮಗೆ ತಿಳಿದಿರಲಿಕ್ಕಿಲ್ಲ. ದೇವರ ಚಿತ್ರ ಇರುತ್ತದೆ, ಅರಿಸಿನ ಹಚ್ಚಿರುತ್ತದೆ. ಒಲೆಗೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಹೀಗಾಗಿ ಗಂಡಹೆಂಡಿರಿಗೆ ಮೊಮ್ಮಕ್ಕಳಾದರೂ ಅವರ ಲಗ್ನಪತ್ರಿಕೆ ನಮ್ಮ ಕೊಕ್ಕೆಯಲ್ಲಿ ತೂಗುತ್ತಿರುತ್ತದೆ. ತಮ್ಮ ಕಾರ್ಡಿಗಿಂತ ನಾಲ್ಕು ಪಾಲು ದಪ್ಪ, ಬೆನ್ನು ಖಾಲಿ. ನಾನು ಅವನ್ನೆಲ್ಲ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಪ್ರಶ್ನೆಯನ್ನೂ, ತಿರುಗಿಸಿದರೆ ವಧೂವರರ ಹೆಸರಿನ ಸುತ್ತಮುತ್ತ ಸಿಕ್ಕ ಜಾಗದಲ್ಲಿ ಉತ್ತರವನ್ನೂ, ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟೆ. "ಬಂಧುಮಿತ್ರರ ಆಗಮನವನ್ನು ಬಯಸುವವರು" ಎಂಬುದರ ಕೆಳಗೆ ಓಮನ ನಿಯಮ ಎಷ್ಟು ಚೆಂದ ಕೂತಿತ್ತು ಎಂದರೆ, ಮದುವೆಯ ಕಡೆಯವರೇ ಕರೆದ ಹಾಗಿತ್ತು.

ಹುಡುಗಿ ವಾರದೊಳಗೆ ಪಟಪಟನೆ ಹೇಳತೊಡಗಿದಳು. ನಾನು ಕಾರ್ಡು ಎತ್ತಿ ಹಿಡಿದು ಬಾಯಿ ತೆರೆಯುವುದರೊಳಗೆ ಉತ್ತರ. ಮನೆಗೆ ಬಂದವರಿಗೆಲ್ಲ ಕೈಗೊಂದು ಕಾರ್ಡು ಕೊಟ್ಟು, ಕೇಳ್ರಿ ನಮ್ಮ ಹುಡುಗೀನ, ಎಂದು ಮೀಸೆ ತಿರುವಿದೆ. ಬಸವಾಪಟ್ಟಣದಿಂದ ಬಂದ ಬೀಗರು ಬೆರಗಾಗಿ ಕೈಯಲ್ಲಿದ್ದ ಕಾಫಿ ಆರಲು ಬಿಟ್ಟರು. ಇದೆಲ್ಲ ಲಕ್ಷ್ಮಕ್ಕ ರೊಟ್ಟಿ ತಟ್ಟುತ್ತ ಕೂತಿದ್ದ ಒಂದು ಹೊತ್ತಿನವರೆಗೆ. ಅವಳಿಗೆ ಓದು ಅಷ್ಟಕ್ಕಷ್ಟೆ, ಮಗಳ ಪಾಠ ಕೇಳಿ ಕೇಳಿ ಕಿವಿಗೆ ಬಿದ್ದಿದ್ದ ಒಂದು ಪ್ರಶ್ನೆಯನ್ನು, ಕೈಯಲ್ಲಿ ಹಿಟ್ಟಿದ್ದುದರಿಂದ ಕಾರ್ಡು ಮುಟ್ಟದೆ, ಬರಿಬಾಯಲ್ಲಿ ಕೇಳಿದಳು: "ದುರ್ಗೀ, ಹೃದಯಕ್ಕೆ ಎಷ್ಟು ಕೋಣೆ?" ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಆಮೇಲೆ, "ಅದು ಯಾವ ಮದ್ವೆದಮ್ಮಾ?" ಎಂದಳು.

ನಗಬೇಡಿ ಮಾನ್ಯರೇ, ನಗುವ ಹಕ್ಕು ತಮಗಿಲ್ಲ. ವಿಚಾರಿಸಿದಾಗ ತಿಳಿದದ್ದು ಇದು: ನಲ್ಲೂರಿನ ಮದುವೆಯ ಪತ್ರಿಕೆಗೆ ಎರಡೂ ಕಡೆ ಕೆಂಪು ಅಂಚು, ಅದು ಹೃದಯದ ಕೋಣೆ. ನ್ಯಾಮತಿಯದಕ್ಕೆ ಮೂಲೆಯಲ್ಲಿ ಬೆನ್ನಿಗೂ ಇಳಿದ ಅರಿಸಿನದ ಹೆಬ್ಬೆಟ್ಟು, ಅದು ಓಮನ ನಿಯಮ. ಹೊನ್ನಾಳಿಯ ಗೃಹಪ್ರವೇಶದ ಪತ್ರಿಕೆ ಒದ್ದೆಯಾಗಿ ಉಬ್ಬಿತ್ತು, ಅದು ಆಮ್ಲ ಮತ್ತು ಪ್ರತ್ಯಾಮ್ಲ. ಹುಡುಗಿಯ ಕಣ್ಣು ಪ್ರಶ್ನೆಯನ್ನು ಓದುತ್ತಲೇ ಇರಲಿಲ್ಲ. ಅಂಚು ನೋಡಿ, ಅರಿಸಿನ ನೋಡಿ, ಗಂಡು ಹೆಣ್ಣಿನ ಕಡೆಯವರನ್ನು ಗುರುತು ಹಿಡಿದು ಉತ್ತರ ಕೊಡುತ್ತಿದ್ದಳು. ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆಗೆ ಅರಿಸಿನ ಹಚ್ಚುವವರು ಯಾರು? ಲಕ್ಷ್ಮಕ್ಕ ರೊಟ್ಟಿಯನ್ನು ಹಂಚಿನ ಮೇಲೆ ಹೊತ್ತಲು ಬಿಟ್ಟು ನನ್ನ ಕಡೆ ತಿರುಗಿ, "ಏನಣ್ಣ, ನನ್ನ ಮಗ್ಳಿಗೆ ವಿಜ್ಞಾನ ಕಲಿಸ್ತೀಯೋ, ಸಂಬಂಧ ಹುಡುಕ್ತೀಯೋ?" ಎಂದಳು. ಆ ಮಾತಿಗೆ ಉತ್ತರ ನನ್ನಲ್ಲಿ ಇತ್ತು. ಆದರೆ ರೊಟ್ಟಿ ತಿರುವುವ ಸಟ್ಟುಗ ಇನ್ನೂ ಅವಳ ಕೈಯಲ್ಲಿತ್ತು.

ಈ ಎಡವಟ್ಟಿನ ಅರ್ಧ ಪಾಲು ನನ್ನ ಮೇಲೆ ಹೊರಿಸಲು ತಾವು ಆತುರಪಡಬಹುದು. ಬೇಡ. ನಮ್ಮ ಲಗ್ನಪತ್ರಿಕೆಗಳು ಕೊನೆಗೆ ಬಾಯಿಯನ್ನಾದರೂ ತೆರೆಸಿದವು. ತಮ್ಮದು ಕತ್ತನ್ನಷ್ಟೇ ಕುಣಿಸಿತು. ತಮ್ಮ ಕಾರ್ಡಿಗೂ ಪ್ರತಿಯೊಂದಕ್ಕೆ ಒಂದೊಂದು ಬಣ್ಣ, ಒಂದೊಂದು ಗೊಂಬೆ. ಹುಡುಗಿ ಗೊಂಬೆ ನೋಡಿ ತಲೆಯಾಡಿಸುತ್ತಿದ್ದಳೆಂಬುದು ನಮಗೆ ಹೊಳೆದದ್ದು ಆಗಲೇ. ಈ ರಹಸ್ಯವನ್ನು ತಮಗೆ ಪುಕ್ಕಟೆ ಹೇಳಿಕೊಡುತ್ತಿದ್ದೇನೆ, ಮುಂದಿನ ಪೆಟ್ಟಿಗೆಗೆ ಉಪಯೋಗಿಸಿಕೊಳ್ಳಿ. ಉಪಯೋಗಿಸಿಕೊಳ್ಳಲಾರಿರಿ ಎಂಬ ಭರವಸೆಯೂ ನನಗಿದೆ.

ಆಮೇಲೆ ನಡೆದ ಕೆಲಸ ದುರ್ಗಾಂಬಿಕಾಳದು, ಇದನ್ನು ಗಟ್ಟಿಯಾಗಿ ಓದಿಕೊಳ್ಳಬೇಕಾಗಿ ವಿನಂತಿ. ಅವಳೇ ಮೈದಾ ಗಂಜಿ ಕಾಯಿಸಿ, ಅಕ್ಕಪಕ್ಕದ ಮನೆಗಳ ಕೊಕ್ಕೆಯಿಂದ ಅದೇ ಮದುವೆಗಳ ಬರೆಯದ ಪತ್ರಿಕೆಗಳನ್ನು ಕೇಳಿ ತಂದು, ಎರಡೆರಡನ್ನು ಅಚ್ಚಾದ ಮುಖ ಒಳಗೆ ಬರುವಂತೆ ಒಂದಕ್ಕೊಂದು ಅಂಟಿಸಿದಳು. ನಲ್ಲೂರಿನ ಮದುಮಗ ಹೊನ್ನಾಳಿಯ ಗೃಹಪ್ರವೇಶವನ್ನು ತಬ್ಬಿಕೊಂಡು ಒಳಗೇ ಉಳಿದ. ಹೊರಗೆ ಎರಡೂ ಕಡೆ ಬರೀ ಬಿಳಿ. ಎಲ್ಲವನ್ನೂ ಅಂಚು, ಮೂಲೆ ಹೋಗುವಂತೆ ಒಂದೇ ಅಳತೆಗೆ ಕತ್ತರಿಸಿದಳು. ನಾನು ಪೆನ್ನು ತೆಗೆದುಕೊಂಡು ಕೂತಾಗ, "ಮಾವ, ನಿನ್ನ ಅಕ್ಷರ ಚೆಂದ ಐತೆ, ಆದ್ರೆ ಪರೀಕ್ಷೆ ಬರೆಯಾಕೆ ನೀನು ಬರಲ್ಲವಲ್ಲ" ಎಂದು ಪೆನ್ನು ಕಿತ್ತುಕೊಂಡಳು. ಪ್ರಶ್ನೆಯನ್ನು ಅವಳೇ ಯೋಚಿಸಿ, ಅವಳದೇ ಮಾತಿನಲ್ಲಿ ಬರೆದಳು. ಒಂದು ಕಾರ್ಡಿಗೆ ಒಂದೇ ಪ್ರಶ್ನೆ, ಒಂದುಸಿರಿನಲ್ಲಿ ಹೇಳಿ ಮುಗಿಸುವಷ್ಟು ಉತ್ತರ. ತಾವು ಒಂದೇ ಕಾರ್ಡಿಗೆ ತುರುಕಿದ್ದ ಹೃದಯವನ್ನು ಅವಳು ಬಿಡಿಸಿ ಬಿಡಿಸಿ ಒಂದು ಸಣ್ಣ ಕಟ್ಟೇ ಮಾಡಿದಳು. ಎಷ್ಟು ಕೋಣೆ ಎಂಬುದೊಂದು. ನಡುವೆ ಗೋಡೆ ಯಾಕೆ ಬೇಕು ಎಂಬುದು ಇನ್ನೊಂದು. ಗೋಡೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು ಮತ್ತೊಂದು. ಆ ಯಾಕೆ ಎಂಬ ಮಾತು ತಮ್ಮ ಇಡೀ ಪೆಟ್ಟಿಗೆಯಲ್ಲಿ ಎಲ್ಲಿಯೂ ಇರಲಿಲ್ಲ. ಇದ್ದಿದ್ದರೆ, ಯಾಕೆ ಕೊಂಡೆವು ಎಂದು ನಾವೂ ಕೇಳುತ್ತಿದ್ದೆವಲ್ಲ.

ಕಾರ್ಡುಗಳ ಕ್ರಮ ಬಾಯಿಪಾಠ ಆಗಬಾರದೆಂದು ದಿನಾ ಕಲಸುವ ಜವಾಬ್ದಾರಿ ನನಗೆ ಬಂತು. ದೀಪಾವಳಿಯಿಂದ ದೀಪಾವಳಿಗೆ ಇಸ್ಪೀಟು ಕಲಸಿ ಕಲಸಿ ಪಳಗಿದ ಈ ಕೈಯನ್ನು ಇಡೀ ಊರೇ ಹೀನಾಯವಾಗಿ ಬೈದಿತ್ತು. ಅದೇ ಕೈ ಕೊನೆಗೆ ವಿದ್ಯಾದಾನಕ್ಕೆ ಬಂತು. ಯಾವ ಕಾರ್ಡನ್ನು ಯಾವ ದಿನ ಕೇಳಬೇಕೆಂಬುದನ್ನು ಮಾತ್ರ ಲಕ್ಷ್ಮಕ್ಕ ಗೊತ್ತು ಮಾಡಿದಳು. ನಮ್ಮ ಕುರಿಹಟ್ಟಿಯಲ್ಲಿ ಬಡಕಲು ಮರಿಯನ್ನು ಮನೆಯ ಹತ್ತಿರವೇ ಕಟ್ಟಿ ದಿನಾ ಕೈಯಾರೆ ಹಾಲು ಕುಡಿಸುತ್ತಾರೆ. ಚೇತರಿಸಿಕೊಂಡದ್ದನ್ನು ದಿನ ಬಿಟ್ಟು ದಿನ ನೋಡುತ್ತಾರೆ. ಗಟ್ಟಿಯಾದದ್ದು ಹಿಂಡಿನ ಜೊತೆ ಹೋಗುತ್ತದೆ, ಅದನ್ನು ಸಂತೆಯ ದಿನ ಒಮ್ಮೆ ಮುಟ್ಟಿ ನೋಡಿದರೆ ಸಾಕು. ಹಾಗೆಯೇ, ಹೇಳಲು ಬಾರದ ಕಾರ್ಡು ರೊಟ್ಟಿಬುಟ್ಟಿಯಲ್ಲಿ, ತಡವರಿಸಿದ್ದು ಜೋಳದ ಸೇರಿನಲ್ಲಿ, ಚೆನ್ನಾಗಿ ಬಂದದ್ದು ಗೋಡೆಯ ಗೂಡಿನಲ್ಲಿ. ಗೂಡಿನಲ್ಲಿದ್ದದ್ದು ಸಂತೆಯ ದಿನ ತಪ್ಪಿತೋ, ಕರುಣೆಯಿಲ್ಲದೆ ಮತ್ತೆ ರೊಟ್ಟಿಬುಟ್ಟಿಗೆ. ತಾವು ಬಡಕಲು ಮರಿಯನ್ನೂ ಕೊಬ್ಬಿದ ಟಗರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ದಿನಾ ಒಂದೇ ಹಿಡಿ ಮೇವು ಹಾಕಿ ಎಂದಿದ್ದಿರಿ. ತಮ್ಮ ಕೈಗೆ ಹಿಂಡು ಕೊಟ್ಟಿದ್ದರೆ ಸಂತೆಗೆ ಒಯ್ಯಲು ಬರೀ ಕೊರಳಗಂಟೆ ಉಳಿಯುತ್ತಿತ್ತು.

ನಿಯಮ ಒಂದೇ: ಗಟ್ಟಿಯಾಗಿ ಹೇಳುವ ಮೊದಲು ಕಾರ್ಡು ತಿರುಗಿಸಿದವರ ಮೂಗು ಹಿಡಿಯುವುದು. ಪ್ರಶ್ನೆ ಕೇಳುವ ಉತ್ಸಾಹದಲ್ಲಿ ಹಿಂಬದಿ ಇಣುಕಿದ ತಪ್ಪಿಗೆ ನನ್ನ ಮೂಗೂ ಕೆಲವೊಮ್ಮೆ ಅವಳ ಕೈಗೆ ಸಿಕ್ಕಿತು. ನಮ್ಮ ಸೀಮೆಯ ಮೂಗುಗಳ ಪರವಾಗಿ ಸೇಡು ತೀರಿತೆಂದು ಹಳಬರು ಬಹಳ ಸಂತೋಷಪಟ್ಟರು.

ಎರಡನೆಯ ಪರೀಕ್ಷೆ ಬರೆದು ಹೊರಗೆ ಬಂದ ಹುಡುಗಿ ನೇರ ನನ್ನ ಹತ್ತಿರ ಬಂದು, "ಮಾವ, ಆ ಪೇಪರಿನಾಗೆ ಯಾವ ಮದ್ವೆನೂ ಇರ್ಲಿಲ್ಲ. ಆದ್ರೂ ಬಂತು" ಎಂದಳು. ಫಲಿತಾಂಶ ಬಂತು, ಪಾಸು ಎಂದರೆ ಸುಮ್ಮನೆ ಪಾಸಲ್ಲ, ಹೆಡ್‌ಮಾಸ್ಟರು ಮನೆಗೆ ಬಂದು ಬೆನ್ನು ತಟ್ಟುವಷ್ಟು ಪಾಸು.

ಇನ್ನೇನು, ಅಷ್ಟರಲ್ಲಿ ತಮ್ಮ ಫ್ಲೆಕ್ಸು ಎದ್ದಿತು. ಪೆಟ್ಟಿಗೆ ಬಿಚ್ಚದ ದಿನದ ಆ ನಗು, ಪೆಟ್ಟಿಗೆ ಮುಚ್ಚಿದ ಮೇಲಿನ ಆ ಪಾಸು, ಎರಡಕ್ಕೂ ತಾವು ಕಟ್ಟಿದ ಆ ಗಂಟು! ಲಕ್ಷ್ಮಕ್ಕ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅದನ್ನು ಒಬ್ಬರಿಂದ ಓದಿಸಿಕೊಂಡು, "ಹಡೆದೋಳು ನಾನು, ಓದಿದೋಳು ಅವಳು, ಕೃಪೆ ಅವರ್ದಾ?" ಎಂದಳು. ನಾನು ತಮ್ಮ ಏಜೆಂಟರಾದ ಕೃಷ್ಣರನ್ನು ಹುಡುಕಿ ಹಿಡಿದು, ದಯವಿಟ್ಟು ಇಳಿಸಿ ಎಂದು ಕೈಮುಗಿದೆ. ಅವರು, "ಪುಕ್ಕಟೆ ಪ್ರಚಾರ ಸಿಕ್ಕೈತೆ, ಖುಷಿ ಪಡದು ಬಿಟ್ಟು ತಕರಾರು ಮಾಡ್ತೀರಲ್ಲ, ಜಂಪಣ್ಣಾರೇ" ಎಂದು ಬೈಕು ಹತ್ತಿದರು. ನಮ್ಮ ಹುಡುಗಿ ಬಿಸಿಲಲ್ಲಿ ನಡೆದು ಹೋಗುವುದು ಈ ಪ್ರಚಾರದ ಖುಷಿಯಿಂದಲೇ ಇರಬೇಕು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಕೋರಿಕೆಗಳು. ಫ್ಲೆಕ್ಸನ್ನು ಇಳಿಸಲು ಮನಸ್ಸಿಲ್ಲದಿದ್ದರೆ, ಅದರ ಪಕ್ಕದಲ್ಲೇ ಅಷ್ಟೇ ಅಗಲದ ಇನ್ನೊಂದನ್ನು ಕಟ್ಟಿಸಿ, "ಮೊದಲನೆಯ ಸಲ ಫೇಲು: ಸ್ಮರಣಸಿಂಧು ಕೃಪೆ" ಎಂದು ಅದೇ ದಪ್ಪ ಅಕ್ಷರದಲ್ಲಿ ಬರೆಸಿ ಕೃತಾರ್ಥರಾಗಬೇಕು; ಕೃಪೆ ಎಂದ ಮೇಲೆ ಎರಡೂ ಕಡೆಯದನ್ನು ಒಪ್ಪಿಕೊಳ್ಳುವುದು ದೊಡ್ಡವರ ಲಕ್ಷಣ. ಪೆಟ್ಟಿಗೆಯ ಮೇಲಿನ ಕನ್ನಡಕದ ಮಹಾಶಯರನ್ನು ಕೆಳಗಿಳಿಸಿ, ಅವರ ಜಾಗದಲ್ಲಿ ಕೋಲೆ ಬಸವನನ್ನು ಝೂಲು ಸಮೇತ ಕೂರಿಸಬೇಕು, ಅದಕ್ಕೆ ಬಲ್ಬು ಬೇಡ, ಗೆಜ್ಜೆ ಸಾಕು. ಮತ್ತು ತಮಗೆ ಬಿಡುವಾದ ಯಾವುದಾದರೊಂದು ದಿನ ತಾವೇ ಖುದ್ದಾಗಿ ಜಗಳೂರು ಬಸ್‌ಸ್ಟ್ಯಾಂಡಿಗೆ ದಯಮಾಡಿಸಿ, ಫ್ಲೆಕ್ಸಿನ ಕೆಳಗೆ ನಮ್ಮ ದುರ್ಗಾಂಬಿಕಾಳ ಎದುರು ನಿಲ್ಲಬೇಕು. ಅವಳು ತಮ್ಮದೇ ಪೆಟ್ಟಿಗೆಯ ಕಾರ್ಡುಗಳನ್ನು ಎತ್ತಿ ಕೇಳುತ್ತಾಳೆ, ನಾನು ಕಲಸಿ ಕೊಡುತ್ತೇನೆ, ಕೋಳಿಯ ಪುಕ್ಕ ಅಂಟಿದ್ದರೆ ಒರೆಸಿಯೇ ಕೊಡುತ್ತೇನೆ. ತಾವು ತಲೆಯಾಡಿಸುವಂತಿಲ್ಲ, ಬಾಯಿ ಬಿಟ್ಟು ಹೇಳಬೇಕು. ಹೇಳಿದರೆ ಆ ಫ್ಲೆಕ್ಸಿಗೆ ನಾನೇ ಹೂವಿನ ಹಾರ ಹಾಕುತ್ತೇನೆ. ಹೇಳದಿದ್ದರೆ ನಮ್ಮ ಶಾಲೆಯ ಹಳೆಯ ಪದ್ಧತಿ ತಮಗೆ ಈಗಾಗಲೇ ವಿವರವಾಗಿ ತಿಳಿಸಿದ್ದೇನೆ. ಕೆನ್ನೆಯನ್ನು ಮಾತ್ರ ಬಿಟ್ಟುಬಿಡೋಣ, ದೊಡ್ಡ ಮನುಷ್ಯರು.

ಉತ್ತರ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ. ಬರೆಯಲೇಬೇಕೆನಿಸಿದರೆ ಪ್ರಶ್ನೆಯೊಳಗೇ ಉತ್ತರ ಸೇರಿಸಿ ಬರೆಯಿರಿ, ಅದು ತಮಗೆ ರೂಢಿ.

ತಮ್ಮ ಮೂಗಿನ ಮೇಲೆ ಸದಾ ಗೌರವವಿಟ್ಟಿರುವ,
ತಮ್ಮ ವಿಶ್ವಾಸಿ,
ಜಂಪಣ್ಣ
(ದುರ್ಗಾಂಬಿಕಾಳ ಸೋದರಮಾವ, ಕೃಪೆ ಯಾರದೂ ಇಲ್ಲ)

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕಲು ಹೊರಡುವಷ್ಟರಲ್ಲಿ ಒಂದು ವಿಶೇಷ ನಡೆದು, ಪತ್ರ ಕೆಲವು ವಾರ ಮನೆಯಲ್ಲೇ ಉಳಿಯಿತು. ನಮ್ಮ ಸೀಮೆಯ ಆಷಾಢದ ಗಾಳಿಗೆ ಓದು ಬರುವುದಿಲ್ಲ, ಆದರೂ ತಮ್ಮ ಫ್ಲೆಕ್ಸನ್ನು ಓದಿದ ಹಾಗೆ ಸಿಟ್ಟಾಗಿ ಹಗ್ಗ ಕಿತ್ತು, ಕೆಳಗಿದ್ದ ಮೂಕಪ್ಪನ ಟೀ ಅಂಗಡಿಯ ಮೇಲೆ ಕೆಡವಿತು. ಮೂಕಪ್ಪ, "ನಿಮ್ ಹುಡುಗಿ ಫೋಟೊ ಐತೆ, ನೀವೇ ತಗಂಡು ಹೋಗ್ರಿ, ನಂಗೆ ಹಾಲು ಉಕ್ತೈತೆ" ಎಂದು ಸುತ್ತಿ ನನ್ನ ಹೆಗಲಿಗೆ ಹಾಕಿದ. ಮಾರನೆಯ ದಿನ ನಮ್ಮ ಹುಡುಗಿ ಬಸ್‌ಸ್ಟ್ಯಾಂಡಿನಲ್ಲೇ ಇಳಿದಳು. ಕ್ಲಾಸಿನಲ್ಲಿ ಎದ್ದು ನಿಂತು ಉತ್ತರವನ್ನೂ ಹೇಳಿದಳಂತೆ, ಹಿಂದಿನ ಬೆಂಚಿನಿಂದ ಪೆಟ್ಟಿಗೆಯ ಮಾತು ಬಂದಾಗ, "ಹೌದು, ನಾನೇ ಮಾಡ್ಕಂಡಿದ್ದು, ಹೆಂಗೆ ಅಂತ ಹೇಳಿಕೊಡ್ಲಾ?" ಎಂದು ಕೇಳಿದಳಂತೆ. ಈಗ ಆ ಬೆಂಚಿನ ಇಬ್ಬರು ಭಾನುವಾರ ನಮ್ಮ ಮನೆಗೇ ಬರುತ್ತಾರೆ. ಫ್ಲೆಕ್ಸಿನ ಬೆನ್ನು ಅಚ್ಚ ಬಿಳಿ, ನೀರು ಬಿದ್ದರೂ ಕೆಡುವುದಿಲ್ಲ. ಮೂವರೂ ಸೇರಿ ಅದನ್ನು ಕತ್ತರಿಸಿ, ತಮ್ಮ ಹೆಸರಿರುವ ಮುಖ ಒಳಗೆ ಬರುವಂತೆ ಎರಡೆರಡಾಗಿ ಅಂಟಿಸಿ, ಫಸ್ಟ್ ಪಿಯುಸಿಯ ಫಿಸಿಕ್ಸಿಗೆ ಪೂರ್ತಿ ಕಾರ್ಡು ಮಾಡಿಕೊಂಡಿದ್ದಾರೆ. ಹೀಗಾಗಿ ತಮ್ಮ ಕಂಪನಿ ಈಗ ಪ್ರಶ್ನೆಗೂ ಉತ್ತರಕ್ಕೂ ನಡುವೆ, ಯಾರ ಕಣ್ಣಿಗೂ ಬೀಳದೆ, ಮೊದಲ ಬಾರಿಗೆ ವಿದ್ಯೆಗೆ ಉಪಯೋಗವಾಗಿದೆ. ಕೆಮಿಸ್ಟ್ರಿಗೆ ಫ್ಲೆಕ್ಸು ಸಾಲಲಿಲ್ಲ. ದಯವಿಟ್ಟು ಇನ್ನೊಂದು ಕಟ್ಟಿಸಿ. ಈ ಸಲ ಸ್ವಲ್ಪ ದೊಡ್ಡದಿರಲಿ.